ಬಾಣದ ಬಾಲ ಅಲ್ಲಾಡ್ತಿದೆ, ಎಲ್ಲಿ ತಪ್ಪಿರಬಹುದು?

ಯಲಹಂಕ_ಬಿಲ್ಲು: ನನ್ನದು 50 ಪೌಂಡ್ ಎಳೆತದ ಕಾಂಪೌಂಡ್ (ರಾಟೆ ಇರುವ) ಬಿಲ್ಲು, ಡ್ರಾಪ್ ಅವೇ ರೆಸ್ಟ್ (ಬಾಣ ಬಿಟ್ಟೊಡನೆ ಕೆಳಗೆ ಬೀಳುವ ಆಸರೆ). 30 ಮೀಟರಿಗೆ ಬಾಣಗಳು ಗುಂಪಾಗಿ ಬೀಳುತ್ತವೆ. 50 ಮೀಟರಿಗೆ ಹೋದರೆ ಎರಡು ಬಾಣ ಎಲ್ಲೋ ಕೆಳಗೆ. ಬಾಣ ನೇರ ಹೋಗುತ್ತಾ ನೋಡಲು ಎರಡು ಹೆಜ್ಜೆ ದೂರದಲ್ಲಿ ಪೇಪರ್ ಕಟ್ಟಿ ಹೊಡೆದೆ. ಬಾಲ ಮೇಲಕ್ಕೆ ಹರಿದಿದೆ, ಹೆಬ್ಬೆರಳಿನ ಅಗಲ. ರಾತ್ರಿಯೆಲ್ಲ ಅದೇ ಯೋಚನೆ.

ಹಳೇ_ಗುರಿ: ಬಾಲ ಮೇಲೆ ಅಂದ್ರೆ ಸಾಮಾನ್ಯವಾಗಿ ಡಿ-ಲೂಪ್ (ಬಾಣ ಸಿಕ್ಕಿಸುವ ಜಾಗದಲ್ಲಿ ಹುರಿಗೆ ಕಟ್ಟಿದ ಕುಣಿಕೆ) ಎತ್ತರದಲ್ಲಿದೆ. ಆದರೆ ಅದನ್ನು ಈಗಲೇ ಮುಟ್ಟಬೇಡಿ. ಮೊದಲು ವೇನ್‌ಗಳಿಗೆ (ಬಾಣದ ಬಾಲದ ರೆಕ್ಕೆಗಳಿಗೆ) ಟಾಲ್ಕಂ ಪೌಡರ್ ಹಚ್ಚಿ ಒಂದು ಬಾಣ ಬಿಡಿ. ರೆಸ್ಟ್ ಮೇಲೆ ಬಿಳಿ ಗುರುತು ಬಿದ್ದರೆ ಅದು ತಾಗುತ್ತಿದೆ ಅಂತಲೇ ಅರ್ಥ. ಆಗ ನಾಕ್ (ಹುರಿಗೆ ಸಿಕ್ಕಿಸುವ ಬಾಣದ ಹಿಂತುದಿ) ಸ್ವಲ್ಪ ತಿರುಗಿಸಿ, ರೆಸ್ಟ್ ಬೇಗ ಬೀಳುವಂತೆ ದಾರ ಸರಿ ಮಾಡಿ. ಗುರುತು ಇಲ್ಲದಿದ್ದರೆ ಮಾತ್ರ ಡಿ-ಲೂಪ್ ಒಂದು ಮಿಲಿಮೀಟರ್ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಮೈಸೂರ್_ರೋಡ್: ಹೊರದೇಶದಲ್ಲಿ ಬೇಟೆಯಾಡುವವರು ಅಗಲ ಬ್ಲೇಡಿನ ಮೊನೆ (ಬ್ರಾಡ್‌ಹೆಡ್) ಹಾಕಿದಾಗ ಇದೇ ಗೋಳು. ಮುಂದಿನ ಬ್ಲೇಡೇ ರೆಕ್ಕೆಯಂತೆ ಗಾಳಿ ಹಿಡಿಯುತ್ತೆ, ಸಣ್ಣ ತಪ್ಪನ್ನೂ ದೊಡ್ಡದು ಮಾಡುತ್ತೆ. ನಮಗೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷೇಧ, ಆ ತಲೆನೋವಿಲ್ಲ. ಆ ಎರಡು ಬಾಣಗಳನ್ನು ಅಂಗೈ ಮೇಲೆ ತಿರುಗಿಸಿ ನೋಡಿ, ಮೊನೆ ನಡುಗಿದರೆ ಪಕ್ಕಕ್ಕಿಡಿ.

ಯಲಹಂಕ_ಬಿಲ್ಲು: ಪೌಡರ್ ಗುರುತು ಬಿತ್ತು! ಕೆಳಗಿನ ವೇನ್ ಅಂಚು ಸವೆದೇ ಹೋಗಿದೆ, ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ನಾಕ್ ತಿರುಗಿಸಿದೆ, ಪೇಪರಲ್ಲಿ ಈಗ ದುಂಡನೆಯ ತೂತು, ಬಾಣ ನೇರ ಹೋಗ್ತಿದೆ. ಭಾನುವಾರ ಬೆಳಿಗ್ಗೆ 50 ಮೀಟರ್ ಹೊಡೆದು ಬರೆಯುತ್ತೇನೆ. ತುಂಬಾ ಥ್ಯಾಂಕ್ಸ್ ಸರ್.