ಮ್ಯೂನಿಕ್‌ನಲ್ಲಿ 62,000 ಯೂರೋ ಸಂಬಳ: ಒಬ್ಬರ ದುಡಿಮೆಯಲ್ಲಿ ಮೂವರ ಸಂಸಾರ ನಡೆಯುವುದೇ?

ಪ್ರಶ್ನೆ: ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ವಾಹನಗಳ ಎಲೆಕ್ಟ್ರಾನಿಕ್ ಭಾಗಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ಮ್ಯೂನಿಕ್‌ನ ಕಂಪನಿಯೊಂದು ವರ್ಷಕ್ಕೆ 62,000 ಯೂರೋ ಸಂಬಳಕ್ಕೆ ಕರೆದಿದ್ದು, ಒಪ್ಪಿದರೆ 2026ರ ಫೆಬ್ರವರಿಯಲ್ಲಿ ಸೇರಬೇಕು. ಸದ್ಯ ಕಡಿತವೆಲ್ಲ ಕಳೆದು ನನ್ನ ಕೈಗೆ ತಿಂಗಳಿಗೆ 1,45,000 ರೂಪಾಯಿ ಬರುತ್ತದೆ. ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಪತ್ನಿಗೆ 42,000 ರೂಪಾಯಿ ಬರುತ್ತದೆ. ಮಗಳಿಗೆ 2026ರ ಆಗಸ್ಟ್‌ಗೆ ಆರು ವರ್ಷ ತುಂಬುತ್ತದೆ. ಕೆಂಗೇರಿಯ ಫ್ಲ್ಯಾಟಿನ ಸಾಲಕ್ಕೆ ತಿಂಗಳಿಗೆ 38,000 ರೂಪಾಯಿ ಕಂತು ಕಟ್ಟುತ್ತಿದ್ದೇವೆ, ಅರಕಲಗೂಡಿನಲ್ಲಿರುವ ತಂದೆತಾಯಿಗೆ 15,000 ರೂಪಾಯಿ ಕಳುಹಿಸುತ್ತೇವೆ.

ಯೂರೋ ಈಗ ನೂರು ರೂಪಾಯಿ ದಾಟಿರುವುದರಿಂದ ನೆಂಟರೆಲ್ಲರೂ ನನ್ನನ್ನು ವರ್ಷಕ್ಕೆ 62 ಲಕ್ಷದ ಸರದಾರನೆಂದು ಲೆಕ್ಕ ಹಾಕಿಬಿಟ್ಟಿದ್ದಾರೆ. ಅಲ್ಲಿಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬರು ಮಾತ್ರ, ಮ್ಯೂನಿಕ್‌ನಲ್ಲಿ ಗಂಡಹೆಂಡತಿ ಇಬ್ಬರೂ ದುಡಿಯದಿದ್ದರೆ ಸಂಬಳ ಬಾಡಿಗೆಗೇ ಸರಿಹೋಗುತ್ತದೆ ಎನ್ನುತ್ತಾರೆ. ಪತ್ನಿಗೆ ಜರ್ಮನ್ ಬಾರದು. ಆದ್ದರಿಂದ ಕನಿಷ್ಠ ಒಂದೆರಡು ವರ್ಷ ನನ್ನೊಬ್ಬನ ಸಂಬಳದಲ್ಲೇ ಬದುಕಬೇಕೆಂದು ಇಟ್ಟುಕೊಂಡು ಕೇಳುತ್ತಿದ್ದೇನೆ: ಇದು ಸಾಧ್ಯವೇ, ಸಾಧ್ಯವಿದ್ದರೆ ಯಾವ ಸ್ಥಿತಿಯಲ್ಲಿ?

ಉತ್ತರ: ಇಸಾರ್_ದಂಡೆ

ಮೂವರ ದಿನನಿತ್ಯದ ಸಂಸಾರ ಈ ಸಂಬಳದಲ್ಲಿ ನಡೆಯುತ್ತದೆ. ಆದರೆ ಅದೇ ಸಂಬಳ ಕೆಂಗೇರಿಯ ಕಂತನ್ನೂ ಅರಕಲಗೂಡಿನ ಮನೆಯನ್ನೂ ಹೊರಬೇಕಾದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ನಿಲ್ಲುವುದಿಲ್ಲ. ನಿಮ್ಮ ನೆಂಟರ ಮಾತೂ ಸಹೋದ್ಯೋಗಿಯ ಮಾತೂ ಪೂರ್ತಿ ಸರಿಯಲ್ಲವೆಂಬುದನ್ನು ಅಂಕಿಗಳಲ್ಲೇ ತೋರಿಸುತ್ತೇನೆ.

62,000 ಎಂದರೆ ತಿಂಗಳಿಗೆ ಸುಮಾರು 5,167 ಯೂರೋ. ಇದರಲ್ಲಿ ಪಿಂಚಣಿಗೆ ಶೇ. 9.3, ನಿರುದ್ಯೋಗ ವಿಮೆಗೆ ಶೇ. 1.3, ಜೊತೆಗೆ ಆರೋಗ್ಯ ವಿಮೆ ಮತ್ತು ಆರೈಕೆ ವಿಮೆಯ (ಮುಪ್ಪಿನಲ್ಲೋ ದೀರ್ಘ ಕಾಯಿಲೆಯಲ್ಲೋ ನೋಡಿಕೊಳ್ಳುವವರ ಖರ್ಚಿಗೆಂದು ಇರುವ ವಿಮೆ) ನಿಮ್ಮ ಪಾಲು ಸೇರಿ 1,080 ಯೂರೋ ಆಸುಪಾಸು ಮೊದಲೇ ಕಡಿತವಾಗುತ್ತದೆ. ಆದಾಯ ತೆರಿಗೆ ಎಷ್ಟೆಂಬುದನ್ನು ನಿಮ್ಮ ತೆರಿಗೆ ವರ್ಗ ನಿರ್ಧರಿಸುತ್ತದೆ. ಪತ್ನಿ ಇಲ್ಲಿಗೆ ಬಂದು ವಾಸ ನೋಂದಣಿ ಮಾಡಿಸುವ ತನಕ ನೀವು ಒಂದನೆಯ ವರ್ಗದಲ್ಲಿರುತ್ತೀರಿ, ಆಗ ಕೈಗೆ ಸುಮಾರು 3,230 ಯೂರೋ ಬರುತ್ತದೆ. ಅವರು ಬಂದ ಮೇಲೆ ದುಡಿಯುವವರು ಒಬ್ಬರೇ ಇರುವ ದಂಪತಿಗೆ ಸಿಗುವ ಮೂರನೆಯ ವರ್ಗಕ್ಕೆ ಬದಲಾಯಿಸಿಕೊಂಡರೆ ಅದು 3,620ರ ಹತ್ತಿರ ಬರುತ್ತದೆ. ಇವು 2025ರ ದರಗಳ ಲೆಕ್ಕ. ಇದರ ಮೇಲೆ ಮಗಳಿಗೆಂದು ಸರ್ಕಾರ ಕೊಡುವ ಮಕ್ಕಳ ಭತ್ಯೆ 2025ರಲ್ಲಿ ತಿಂಗಳಿಗೆ 255 ಯೂರೋ, 2026ರ ಜನವರಿಯಿಂದ 259 ಯೂರೋ. ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ದುಡಿಯದ ಪತ್ನಿಗೂ ಮಗಳಿಗೂ ಪ್ರತ್ಯೇಕ ಕಂತಿಲ್ಲ, ನಿಮ್ಮ ಕಂತಿನಲ್ಲೇ ಅವರಿಬ್ಬರ ಚಿಕಿತ್ಸೆಯೂ ಸೇರುತ್ತದೆ. ಒಂದೇ ಸಂಬಳದ ಸಂಸಾರಕ್ಕೆ ಜರ್ಮನಿ ಮಾಡುವ ದೊಡ್ಡ ಉಪಕಾರ ಇದೇ, ಆದರೆ ಸಂಬಳದ ಚೀಟಿಯಲ್ಲಿ ಅದು ಕಾಣುವುದಿಲ್ಲ.

ಇನ್ನು ಖರ್ಚು. ನಗರದೊಳಗೆ ಎಪ್ಪತ್ತು ಎಪ್ಪತ್ತೈದು ಚದರ ಮೀಟರಿನ ಮನೆಗೆ ನೀರು, ಮನೆ ಬೆಚ್ಚಗಿಡುವ ಖರ್ಚು ಸೇರಿ 1,900 ಯೂರೋ ಇಟ್ಟುಕೊಳ್ಳಿ. ಕರೆಂಟು, ಇಂಟರ್‌ನೆಟ್‌ಗೆ 110, ಟಿವಿ ನೋಡಿದರೂ ನೋಡದಿದ್ದರೂ ಮನೆಗೊಂದರಂತೆ ಕಟ್ಟಲೇಬೇಕಾದ ಪ್ರಸಾರ ಶುಲ್ಕ 18.36, ದಿನಸಿ ತರಕಾರಿಗೆ 600, ದೇಶದ ಸ್ಥಳೀಯ ಮತ್ತು ಪ್ರಾದೇಶಿಕ ಬಸ್ಸು ರೈಲುಗಳಲ್ಲಿ ನಡೆಯುವ ತಿಂಗಳ ಪಾಸಾದ, ಇಬ್ಬರ ಡಾಯ್ಚ್‌ಲಾಂಡ್ ಟಿಕೆಟ್‌ಗೆ 2025ರಲ್ಲಿ ತಲಾ 58, 2026ರ ಜನವರಿಯಿಂದ ತಲಾ 63. ಬಟ್ಟೆಬರೆ, ಮಗುವಿನ ಖರ್ಚು, ಸಣ್ಣಪುಟ್ಟ ವಿಮೆ, ಅಪರೂಪಕ್ಕೊಂದು ಹೋಟೆಲ್ ಊಟ ಎಲ್ಲವೂ ಸೇರಿ 400 ಎಂದಿಟ್ಟರೂ ಒಟ್ಟು 3,150 ದಾಟುತ್ತದೆ. ಭತ್ಯೆಯೂ ಸೇರಿ ಬಂದ 3,880ರಲ್ಲಿ ಉಳಿಯುವುದು 700 ಚಿಲ್ಲರೆ. ಊರಿಗೆ ಕಳುಹಿಸಬೇಕಾದ 53,000 ರೂಪಾಯಿ ಎಂದರೆ 520 ಯೂರೋ ಹೋಯಿತು. ವರ್ಷಕ್ಕೊಮ್ಮೆ ಆಗಸ್ಟ್ ರಜೆಯಲ್ಲಿ ಮೂವರೂ ಊರಿಗೆ ಹೋಗಿ ಬರುವ ವಿಮಾನ ದರವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಮಿಕ್ಕಿದ್ದೂ ಮುಗಿಯಿತು.

ಬಾಡಿಗೆಯ ವಿಷಯವನ್ನು ಇನ್ನಷ್ಟು ವಿವರಿಸಬೇಕು, ಏಕೆಂದರೆ ನಿಮ್ಮ ಸಂಬಳ ಸಾಕೇ ಎಂಬ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳುವವನು ಮನೆ ಮಾಲೀಕ. ಮನೆ ನೋಡಲು ಹೋದಾಗ ತುಂಬಿಸಿಕೊಡುವ ಅರ್ಜಿಯಲ್ಲಿ ಎಷ್ಟು ಜನ ವಾಸಿಸುತ್ತೀರಿ, ಅವರಲ್ಲಿ ದುಡಿಯುವವರೆಷ್ಟು, ಕೈಗೆ ಬರುವ ಸಂಬಳವೆಷ್ಟು ಎಂಬ ಮೂರು ಅಂಕಣಗಳಿರುತ್ತವೆ. ಬಾಡಿಗೆ ಸಂಬಳದ ಮೂರನೆಯ ಒಂದು ಭಾಗವನ್ನು ಮೀರಬಾರದೆಂದು ಅನೇಕ ಮಾಲೀಕರು ಎಣಿಸುತ್ತಾರೆ. ಆ ಲೆಕ್ಕದಲ್ಲಿ ನಿಮಗೆ ಸಲ್ಲುವುದು 1,200 ಯೂರೋ ಬಾಡಿಗೆಯ ಮನೆ, ಮೂವರಿಗೆ ಸಾಲುವಂತಹ ಆ ದರದ ಮನೆ ಈ ನಗರದಲ್ಲಿ ಸಿಗುವುದು ಬಹಳ ಅಪರೂಪ. ಇಬ್ಬರು ದುಡಿಯುವ, ಮಕ್ಕಳಿಲ್ಲದ ದಂಪತಿಯ ಅರ್ಜಿಯ ಪಕ್ಕದಲ್ಲಿ ನಿಮ್ಮದು ಕೆಳಗೇ ಉಳಿಯುತ್ತದೆ. ಆದ್ದರಿಂದ ಮೊದಲು ನೀವೊಬ್ಬರೇ ಬಂದು, ಪ್ರೊಬೇಷನ್ನಿನ ಆರು ತಿಂಗಳು ಕಳೆದು, ಮನೆ ಸಿಕ್ಕ ಮೇಲೆ ಕುಟುಂಬವನ್ನು ಕರೆಸಿಕೊಳ್ಳುವುದು ಲೇಸು.

ಉತ್ತರ: ಕೃಷ್ಣರಾಜಪುರ_ಟು_ಆಗ್ಸ್‌ಬರ್ಗ್

ಇಸಾರ್ ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಮ್ಯೂನಿಕ್‌ನಲ್ಲಿ ಕೆಲಸವಿದ್ದ ಮಾತ್ರಕ್ಕೆ ಮನೆಯನ್ನೂ ಅಲ್ಲೇ ಹುಡುಕಬೇಕೆಂದು ಅವರು ಇಟ್ಟುಕೊಂಡಂತಿದೆ. ನಾನಿರುವ ಆಗ್ಸ್‌ಬರ್ಗ್‌ನಿಂದ ಮ್ಯೂನಿಕ್‌ಗೆ ಪ್ರಾದೇಶಿಕ ರೈಲಿನಲ್ಲಿ ಮುಕ್ಕಾಲು ಗಂಟೆ, ಅದೇ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. ಅಷ್ಟೇ ದೊಡ್ಡ ಮನೆ ಇಲ್ಲಿ 1,300 ಯೂರೋ ಆಸುಪಾಸಿಗೆ ಸಿಗುತ್ತದೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಓಡಾಡಿದವರಿಗೆ ಈ ಪ್ರಯಾಣ ಒಂದು ಪ್ರಯಾಣವೇ ಅಲ್ಲ. ವಾರಕ್ಕೆ ಎಷ್ಟು ದಿನ ಮನೆಯಿಂದ ಕೆಲಸ ಮಾಡಬಹುದೆಂಬುದನ್ನು ಮಾತ್ರ ಕರಾರು ಪತ್ರದಲ್ಲೇ ಬರೆಸಿಕೊಳ್ಳಿ, ಬಾಯಿಮಾತಿನಲ್ಲಿ ಬಿಡಬೇಡಿ.

ತಿಂಗಳ ಖರ್ಚಿಗಿಂತ ನನಗೆ ಭಯ ಹುಟ್ಟಿಸುವುದು ಮೊದಲ ವರ್ಷ. ಇಲ್ಲಿ ಕೆಲಸ ಹೋದರೆ ಮಕ್ಕಳಿರುವವರಿಗೆ ನಿವ್ವಳ ಸಂಬಳದ ಶೇ. 67ರಷ್ಟು ನಿರುದ್ಯೋಗ ಭತ್ಯೆ ಸಿಗುತ್ತದೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಅದು ಸಿಗಬೇಕಾದರೆ ಮೊದಲು ಹನ್ನೆರಡು ತಿಂಗಳು ವಿಮೆ ಕಟ್ಟಿರಬೇಕು. ಪ್ರೊಬೇಷನ್ನಿನಲ್ಲಿ ಎರಡು ವಾರದ ನೋಟಿಸು ಕೊಟ್ಟು ಕೆಲಸದಿಂದ ತೆಗೆಯಬಹುದು. ಇಬ್ಬರು ದುಡಿಯುವ ಮನೆಯಲ್ಲಿ ಇನ್ನೊಂದು ಸಂಬಳ ಕೈಹಿಡಿಯುತ್ತದೆ, ನಿಮ್ಮ ಮನೆಯಲ್ಲಿ ಆ ಜಾಗ ಖಾಲಿ. ವಾಹನ ಉದ್ಯಮದ ಈಗಿನ ಸ್ಥಿತಿ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಯಿಲೆ ಬಿದ್ದರೆ ಅಷ್ಟು ಚಿಂತೆಯಿಲ್ಲ, ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದ ಮೇಲೆ ಆರು ವಾರದವರೆಗೆ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು, ಅನಂತರ ವಿಮೆಯವರು ನೋಡಿಕೊಳ್ಳುತ್ತಾರೆ.

ಹೀಗಾಗಿ ಮೂರು ನಾಲ್ಕು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು, ಅದಲ್ಲದೆ ನೆಲೆಯೂರುವ ಖರ್ಚು ಬೇರೆ. ಮುಂಗಡವೆಂದು ಮೂರು ತಿಂಗಳ ಮೂಲ ಬಾಡಿಗೆಯವರೆಗೆ (ನೀರು, ಮನೆ ಬೆಚ್ಚಗಿಡುವ ಖರ್ಚು ಬಿಟ್ಟು) ಕೇಳಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಸಣ್ಣದೆನಿಸಬಹುದು, ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಕಾನೂನಿನಲ್ಲಿದೆ. ಆದರೆ ಬಹಳಷ್ಟು ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ, ಒಂದು ನಲ್ಲಿ ಅಷ್ಟೇ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ನೀವೇ ಕೊಂಡು ಜೋಡಿಸಬೇಕು, ಇಲ್ಲವೇ ಖಾಲಿ ಮಾಡಿ ಹೋಗುವ ಬಾಡಿಗೆದಾರರಿಂದ ಹಳೆಯದನ್ನೇ ಕೊಳ್ಳಬೇಕು. ಮೊದಲೆರಡು ತಿಂಗಳ ಸಜ್ಜಿತ ಮನೆಯ ಬಾಡಿಗೆಯೂ ಸೇರಿದರೆ ಹತ್ತು ಹನ್ನೆರಡು ಸಾವಿರ ಯೂರೋ ಸುಲಭವಾಗಿ ಕರಗುತ್ತದೆ. ಸಂಬಳವನ್ನು ಹೆಚ್ಚಿಸಲು ಕಂಪನಿ ಒಪ್ಪದಿದ್ದರೂ ಸ್ಥಳಾಂತರದ ಖರ್ಚನ್ನು ಕೊಡಲು ಒಪ್ಪುವುದುಂಟು, ಸಹಿ ಹಾಕುವ ಮುನ್ನವೇ ಕೇಳಿ.

ಉತ್ತರ: ತುಂಗಾಪಾನ

ಮೂವರೂ ನಿಮ್ಮ ಸಂಬಳವನ್ನೇ ಕುರಿತು ಮಾತಾಡುತ್ತಿದ್ದೀರಿ. ಗಂಡನ ಕೆಲಸಕ್ಕಾಗಿ ಶಿವಮೊಗ್ಗದ ಕಾಲೇಜಿನ ನೌಕರಿ ಬಿಟ್ಟು ಬಂದವಳಾಗಿ ನಾನು ಎರಡನೆಯ ಸಂಬಳದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಒಂದು ಸಂಬಳ ಸಾಕೇ ಎಂಬುದು ಕೊನೆಗೆ ಎಷ್ಟು ಕಾಲ ಸಾಕು ಎಂಬ ಪ್ರಶ್ನೆಯಾಗಿಬಿಡುತ್ತದೆ.

ನಿಮಗೆ ಸಿಗಲಿರುವುದು ನೀಲಿ ಕಾರ್ಡು, ಅಂದರೆ ಉನ್ನತ ವಿದ್ಯಾರ್ಹತೆಯ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ. 2025ರಲ್ಲಿ ಅದಕ್ಕೆ ಬೇಕಾದ ಸಂಬಳ 48,300 ಯೂರೋ, ನಿಮ್ಮದು ಅದಕ್ಕಿಂತ ಮೇಲಿದೆ. ನೀಲಿ ಕಾರ್ಡಿನವರ ಪತ್ನಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆಯ ಪ್ರಮಾಣಪತ್ರ ಬೇಕಿಲ್ಲ, ಬಂದ ದಿನದಿಂದಲೇ ಯಾವ ಕೆಲಸವನ್ನಾದರೂ ಮಾಡುವ ಅನುಮತಿಯೂ ಇದೆ. ಅನುಮತಿ ಇದೆ ಎಂದಾಕ್ಷಣ ಕೆಲಸ ಸಿಗುವುದಿಲ್ಲ ಎಂಬುದು ಬೇರೆ ಮಾತು. ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಲು ಎರಡು ವಿಷಯಗಳ ಅಧ್ಯಯನ, ಪದವಿಯ ಮಾನ್ಯತೆ, ಬಹಳ ಮೇಲ್ಮಟ್ಟದ ಜರ್ಮನ್ ಎಲ್ಲವೂ ಬೇಕು. ಆ ದಾರಿ ವರ್ಷಗಟ್ಟಲೆಯದು. ಅಂತರರಾಷ್ಟ್ರೀಯ ಶಾಲೆಗಳು, ಶಿಶುವಿಹಾರದ ಸಹಾಯಕ ಹುದ್ದೆಗಳು ಹತ್ತಿರದ ಸಾಧ್ಯತೆಗಳು, ಶಿಶುವಿಹಾರಕ್ಕೂ ಭಾಷೆ ಬೇಕೇಬೇಕು. 600 ಗಂಟೆಗಳ ಭಾಷಾ ಪಾಠ ಮತ್ತು 100 ಗಂಟೆಗಳ ನಾಗರಿಕ ಪರಿಚಯವುಳ್ಳ ಇಂಟಿಗ್ರೇಷನ್ ಕೋರ್ಸಿಗೆ ಸರ್ಕಾರದ ನೆರವಿದೆ, ಅದು ಬಿ1 ಎಂಬ ಮಧ್ಯಮ ಮಟ್ಟದವರೆಗೆ ಕರೆದೊಯ್ಯುತ್ತದೆ.

ಆದರೆ ಕೋರ್ಸಿಗೆ ಹೋಗುವ ಸಮಯದಲ್ಲಿ ಮಗಳು ಎಲ್ಲಿರಬೇಕು? ಜರ್ಮನಿಯ ಪ್ರಾಥಮಿಕ ಶಾಲೆಗೆ ಶುಲ್ಕವಿಲ್ಲ, ಆದರೆ ಒಂದನೆಯ ತರಗತಿ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಮುಗಿದುಹೋಗುತ್ತದೆ. ಒಂದು ಸಂಬಳದ ಮನೆಗಳು ಹೆಚ್ಚಾಗಿ ಒಂದೇ ಸಂಬಳದ ಮನೆಗಳಾಗಿ ಉಳಿಯುವುದಕ್ಕೆ ಈ ಮಧ್ಯಾಹ್ನವೇ ಕಾರಣವೆಂದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ನಿಮ್ಮ ಮಗಳು ಅದೃಷ್ಟವಂತೆ: 2026ರ ಆಗಸ್ಟ್ 1ರಿಂದ ಒಂದನೆಯ ತರಗತಿಗೆ ಸೇರುವ ಮಕ್ಕಳಿಗೆ ಇಡೀ ದಿನದ ಆರೈಕೆಯ ಕಾನೂನುಬದ್ಧ ಹಕ್ಕು ಸಿಗುತ್ತಿದೆ. ಅಲ್ಲದೆ ಮ್ಯೂನಿಕ್, ಆಗ್ಸ್‌ಬರ್ಗ್ ಇರುವ ಬವೇರಿಯಾ ರಾಜ್ಯದಲ್ಲಿ ಜುಲೈನಿಂದ ಸೆಪ್ಟೆಂಬರ್ ಕೊನೆಯೊಳಗೆ ಆರು ತುಂಬುವ ಮಕ್ಕಳನ್ನು ಆ ವರ್ಷವೇ ಸೇರಿಸಬೇಕೋ ಮುಂದಿನ ವರ್ಷಕ್ಕೆ ಬಿಡಬೇಕೋ ಎಂಬುದನ್ನು ತಂದೆತಾಯಿಯೇ ತೀರ್ಮಾನಿಸಬಹುದು. ಅದಕ್ಕೇ ಇಸಾರ್ ಅವರ ಆರು ತಿಂಗಳ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ವರ್ಷವೇ ಸೇರಿಸುವುದಾದರೆ, ಆಗಸ್ಟ್‌ನಲ್ಲಿ ಬಂದಿಳಿದ ಮಗು ಒಂದು ಜರ್ಮನ್ ಪದವೂ ತಿಳಿಯದೆ ಸೆಪ್ಟೆಂಬರ್‌ನಲ್ಲಿ ತರಗತಿಯಲ್ಲಿ ಕೂರಬೇಕಾಗುತ್ತದೆ. ಏಪ್ರಿಲ್ ಮೇ ಹೊತ್ತಿಗೆ ಬಂದರೆ ಶಿಶುವಿಹಾರದಲ್ಲಿ ಜಾಗ ಸಿಗದಿದ್ದರೂ ಆಟದ ಮೈದಾನದಲ್ಲಾದರೂ ಭಾಷೆ ಕಿವಿಗೆ ಬೀಳುತ್ತದೆ.

ತೆರಿಗೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕುಟುಂಬ 2026ರೊಳಗೆ ಯಾವ ತಿಂಗಳಲ್ಲಿ ಬಂದು ನೆಲೆಸಿದರೂ ಆ ವರ್ಷಕ್ಕೆ ದಂಪತಿಯಾಗಿ ಒಟ್ಟಿಗೆ ರಿಟರ್ನ್ ಸಲ್ಲಿಸಬಹುದು, ಒಂದನೆಯ ವರ್ಗದಲ್ಲಿ ಹೆಚ್ಚಾಗಿ ಹೋದ ತೆರಿಗೆಯ ಬಹುಪಾಲು ಹಿಂದಿರುಗುತ್ತದೆ. ಬರುವ ಮುನ್ನ ನಿಮ್ಮ ಶ್ರೀಮತಿಯವರು ಭಾರತದಲ್ಲಿ ಗಳಿಸಿದ್ದನ್ನು ತೆರಿಗೆಯ ದರ ನಿರ್ಧರಿಸಲು ಮಾತ್ರ ಪರಿಗಣಿಸುತ್ತಾರೆ.

ಹೇಮಾವತಿ_ತೀರ

ಮೂವರಿಗೂ ಕೃತಜ್ಞತೆಗಳು. ನಿಮ್ಮ ಅಂಕಿಗಳನ್ನು ಇಟ್ಟುಕೊಂಡು ನಿನ್ನೆ ರಾತ್ರಿ ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಮ್ಯೂನಿಕ್ ಒಳಗೆ ಮನೆ ಮಾಡುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ಕಂಪನಿಗೆ ಸ್ಥಳಾಂತರದ ಖರ್ಚು ಕೇಳಿ ಪತ್ರ ಬರೆದಿದ್ದೇನೆ. ಕೆಂಗೇರಿಯ ಫ್ಲ್ಯಾಟನ್ನು 25,000 ರೂಪಾಯಿಗೆ ಬಾಡಿಗೆಗೆ ಕೊಟ್ಟರೆ ಕಂತಿನ ಭಾರ ಅಷ್ಟು ಇಳಿಯುತ್ತದೆಯಲ್ಲವೇ? ಪತ್ನಿ ಈಗಲೇ ರಾಜೀನಾಮೆ ಕೊಡಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಉತ್ತರ: ಇಸಾರ್_ದಂಡೆ

ಅಷ್ಟೂ ಇಳಿಯುವುದಿಲ್ಲ. ನೀವು ಅನಿವಾಸಿಯಾದ ಮೇಲೆ ಬಾಡಿಗೆದಾರರು ಬಾಡಿಗೆಯಲ್ಲಿ ಶೇ. 31.2ರಷ್ಟನ್ನು ಟಿಡಿಎಸ್ ಆಗಿ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಕೈಗೆ ಬರುವುದು 17,200 ರೂಪಾಯಿ. ಹೆಚ್ಚಾದದ್ದನ್ನು ಭಾರತದಲ್ಲಿ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಬ್ಯಾಂಕಿನ ಉಳಿತಾಯ ಖಾತೆಯನ್ನು, ಅನಿವಾಸಿಗಳ ಭಾರತದ ಆದಾಯಕ್ಕೆಂದಿರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿ, ಕಂತು ಅದರಿಂದಲೇ ಹೋಗುವಂತೆ ಹೊರಡುವ ಮುನ್ನ ವ್ಯವಸ್ಥೆ ಮಾಡಿಕೊಳ್ಳಿ. ಮನೆಯ ವಿಷಯದಲ್ಲಿ ಆಗ್ಸ್‌ಬರ್ಗ್‌ನವರ ಮಾತೇ ಸರಿ, ನನ್ನ ಪಟ್ಟಿಯಲ್ಲಿ 600 ಯೂರೋ ಉಳಿಸುವ ಬೇರೆ ಯಾವ ಸಾಲೂ ಇಲ್ಲ.

ಉತ್ತರ: ತುಂಗಾಪಾನ

ರಾಜೀನಾಮೆ ಈಗಲೇ ಬೇಡ. ನಿಮ್ಮ ಪ್ರೊಬೇಷನ್ನು ಮುಗಿಯುವವರೆಗೆ ಸಂಬಳರಹಿತ ರಜೆ ಸಿಗುತ್ತದೆಯೇ ಎಂದು ಅವರು ಆಡಳಿತ ಮಂಡಳಿಯನ್ನು ಕೇಳಲಿ. ಖಾಸಗಿ ಶಾಲೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದರೂ ವಿಜ್ಞಾನದ ಶಿಕ್ಷಕರು ಸುಲಭಕ್ಕೆ ಸಿಗದ ಕಾಲವಿದು. ಸಿಗದಿದ್ದರೆ ಶೈಕ್ಷಣಿಕ ವರ್ಷ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಹೊರಡಲಿ, ಎರಡು ತಿಂಗಳ ಅವರ ಸಂಬಳವೂ ಆಗ ಕೈಗೆ ಬಂದಿರುತ್ತದೆ. ವೀಸಾಕ್ಕೆ ಬೇಕಿಲ್ಲದಿದ್ದರೂ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಮೊದಲ ಹಂತವಾದ ಎ1 ತರಗತಿಗೆ ಈಗಲೇ ಹೆಸರು ಕೊಡಲಿ, ಸಂಜೆಯ ತಂಡಗಳು ಬೇಗ ತುಂಬುತ್ತವೆ. ಪದವಿ ಮತ್ತು ಬಿ.ಎಡ್. ಅಂಕಪಟ್ಟಿಗಳ ಮೂಲ ಪ್ರತಿಗಳನ್ನು ವಿಶ್ವವಿದ್ಯಾಲಯದಿಂದ ತೆಗೆಸಿಟ್ಟುಕೊಳ್ಳಲಿ. ಬಾನ್‌ನಲ್ಲಿರುವ ವಿದೇಶಿ ಪದವಿಗಳ ಮೌಲ್ಯಮಾಪನ ಕಚೇರಿಗೆ ಅರ್ಜಿ ಹಾಕುವಾಗ ಅವೇ ಬೇಕಾಗುತ್ತವೆ, ಇಲ್ಲಿ ಕೂತು ಅವನ್ನು ತರಿಸಿಕೊಳ್ಳಲು ನಾನು ಪಟ್ಟ ಪಾಡು ಅವರಿಗೆ ಬೇಡ.