ಸ್ವೆಟರಿನ ಪಕ್ಕೆ ಹೊಲಿಗೆ ಕಾಣದ ಹಾಗೆ ಕೂಡಿಸೋದು ಹೇಗೆ?

ಮೊಮ್ಮಗನಿಗೆ ಉಲ್ಲನ್ ಸ್ವೆಟರ್ ಹೆಣೆದಿದ್ದೇನೆ. ಬೆನ್ನು, ಎದೆ, ತೋಳು ಎಲ್ಲ ಬೇರೆ ಬೇರೆ ತುಂಡು. ಪಕ್ಕೆ ಕೂಡಿಸಿದರೆ ಹೊಲಿಗೆ ದಿಂಡಿನ ಹಾಗೆ ಎದ್ದು ನಿಲ್ಲುತ್ತದೆ. ಎರಡು ಸಲ ಬಿಚ್ಚಿದೆ. ಗೊತ್ತಿದ್ದವರು ಹೇಳಿಕೊಡಿ.

ಮಡಿಕೇರಿಯಿಂದ:
ಅಕ್ಕ, ನೀವು ಒಳಮೈ ಕಡೆಯಿಂದ ಅಂಚು ಸುತ್ತಿ ಹೊಲಿದಿರಬೇಕು. ಹಾಗೆ ಮಾಡಿದರೆ ದಪ್ಪ ಆಗೇ ಆಗುತ್ತದೆ. ಎರಡೂ ತುಂಡನ್ನು ಹೊರಮೈ ಮೇಲೆ ಬರುವ ಹಾಗೆ ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಅಂಚಿನ ಕುಣಿಕೆಯನ್ನೂ ಅದರ ಪಕ್ಕದ್ದನ್ನೂ ಬೆರಳಿಂದ ಸ್ವಲ್ಪ ಅಗಲಿಸಿ. ನಡುವೆ ಏಣಿ ಮೆಟ್ಟಿಲಿನಂತೆ ಅಡ್ಡ ಎಳೆಗಳು ಕಾಣುತ್ತವೆ, ಸಾಲಿಗೊಂದು. ಮೊಂಡು ತುದಿಯ ಸೂಜಿಗೆ ಅದೇ ಉಲ್ಲನ್ ಪೋಣಿಸಿ ಈ ಕಡೆಯ ಒಂದು ಎಳೆಯಡಿ ತೂರಿಸಿ, ಆಮೇಲೆ ಆ ಕಡೆಯದರಡಿ. ತಿರುಗಿ ಈ ಕಡೆ ಬಂದಾಗ ಸೂಜಿ ಹಿಂದೆ ಹೊರಬಂದ ಜಾಗದಲ್ಲೇ ಇಳಿಯಬೇಕು. 7-8 ಸಾಲಿನ ತನಕ ಸಡಿಲವಾಗಿ ಬಿಟ್ಟು, ಆಮೇಲೆ ದಾರ ಮೆಲ್ಲಗೆ ಎಳೆಯಿರಿ. ಎರಡು ಅಂಚೂ ಒಳಕ್ಕೆ ಮಡಚಿಕೊಂಡು ಹೊಲಿಗೆ ಮಾಯ! ಎಷ್ಟು ವರ್ಷವಾದರೂ ನನಗೆ ಅದನ್ನು ನೋಡೋದೇ ಖುಷಿ. ಬಿಗಿಯಾಗಿ ಮಾತ್ರ ಎಳೆಯಬೇಡಿ, ಪಕ್ಕೆ ಸುಕ್ಕುಗಟ್ಟುತ್ತದೆ.

ಧಾರವಾಡದಿಂದ:
ಮ್ಯಾಲಿನವ್ರು ಹೇಳಿದ್ದು ಖರೆ. ಆದ್ರ ಹೊಲಿಯೋಕಿಂತ ಮೊದ್ಲ ತುಂಡುಗಳನ್ನ ನೀರಾಗ ನೆನಸಿ, ಟವೆಲ್ಲಿನಾಗ ಒತ್ತಿ, ಅಳತಿಗೆ ಸರಿಯಾಗಿ ಪಿನ್ ಚುಚ್ಚಿ ಒಣಗಸ್ರಿ. ಇಲ್ಲಾಂದ್ರ ಅಂಚು ಸುರುಳಿ ಸುತ್ತತೈತಿ, ಎಳಿ ಕಣ್ಣಿಗೇ ಬೀಳಂಗಿಲ್ಲ. ನಾ ಒಮ್ಮೆ ಅವಸರ ಮಾಡಿದ್ದಕ್ಕ ಎದಿ ಭಾಗ 4 ಸಾಲು ಉದ್ದ ಉಳೀತು. ಅವತ್ತಿಂದ 10 ಸಾಲಿಗೊಮ್ಮೆ ಎರಡೂ ಕಡೆ ಬಣ್ಣದ ದಾರ ಕಟ್ಟಿ ಗುರುತು ಇಟ್ಕೋತೀನಿ.

ಮೈಸೂರಿನಿಂದ:
ತೋಳಿಗೆ ಈ ಲೆಕ್ಕ ಸಾಲದು. ತೋಳಿನ ಮೇಲ್ತುದಿಯಲ್ಲಿ ಸಿಗೋದು ಕುಣಿಕೆ, ಮೈಯ ಕಡೆ ಸಿಗೋದು ಸಾಲು. ಒಂದು ಅಂಗುಲದಲ್ಲಿ ಕುಣಿಕೆಗಿಂತ ಸಾಲೇ ಹೆಚ್ಚು. ನನ್ನ ಕೈಗೆ 3 ಕುಣಿಕೆಗೆ 4 ಸಾಲು ಬರುತ್ತದೆ, ಹಾಗಾಗಿ ಎರಡು ಸಲ ಒಂದೊಂದು ಎಳೆ ಹಿಡಿದು ಮೂರನೇ ಸಲ ಎರಡನ್ನು ಒಟ್ಟಿಗೆ ಹಿಡಿಯುತ್ತೇನೆ. ನಿಮ್ಮದನ್ನು ಸ್ಕೇಲ್ ಇಟ್ಟು ಎಣಿಸಿಕೊಳ್ಳಿ. ನಿಮ್ಮ ಉಲ್ಲನ್ ತುಂಬ ಜುಂಗುಜುಂಗಾಗಿದ್ದರೆ ಎಳೆಯುವಾಗ ಸಿಕ್ಕುತ್ತದೆ. ಹೊಲಿಯೋಕೆ ಅದೇ ಬಣ್ಣದ ನಯವಾದ ಉಲ್ಲನ್ ತಗೊಳ್ಳಿ.

ಕೇಳಿದವರು:
ಎಡಪಕ್ಕೆ ಮತ್ತೆ ಹೊಲಿದೆ, ಹೊಲಿಗೆ ಎಲ್ಲಿದೆ ಅಂತ ನಾನೇ ಹುಡುಕಬೇಕು! ಕಂಕುಳ ಹತ್ತಿರ ಬೆನ್ನಿನ ಕಡೆ 2 ಸಾಲು ಮಿಕ್ಕಿದೆ. ಬಿಚ್ಚಲೇ?

ಮಡಿಕೇರಿಯಿಂದ:
ಪೂರ್ತಿ ಬೇಡ ಅಕ್ಕ. ಕೊನೆಯ ಎರಡು ಅಂಗುಲ ಮಾತ್ರ ಬಿಚ್ಚಿ. ಮತ್ತೆ ಹೊಲಿಯುವಾಗ ಬೆನ್ನಿನ ಕಡೆ ಎರಡು ಜಾಗದಲ್ಲಿ, ಸ್ವಲ್ಪ ದೂರ ಬಿಟ್ಟು, ಎರಡೆರಡು ಎಳೆ ಒಟ್ಟಿಗೆ ಹಿಡಿಯಿರಿ. ಸರಿಹೋಗುತ್ತದೆ.