640 ಮಕ್ಕಳು, ಒಬ್ಬಳೇ ಆಪ್ತಸಮಾಲೋಚಕಿ: ಮೂರು ವರ್ಷದ ಯೋಜನೆ ಹೇಗೆ ಬರೆಯಲಿ?

ಪ್ರಶ್ನೆ (ಹಾಸನ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಿಂದ)

ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿ ಕಳೆದ ನವೆಂಬರ್‌ನಲ್ಲಿ ಖಾಸಗಿ ಶಾಲೆಯೊಂದಕ್ಕೆ ಆಪ್ತಸಮಾಲೋಚಕಿಯಾಗಿ ಸೇರಿದ್ದೇನೆ. ಐದರಿಂದ ಹತ್ತನೇ ತರಗತಿಯವರೆಗೆ 640 ಮಕ್ಕಳಿದ್ದಾರೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು, ಮನಃಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದ ಮೇಲೆ ನಡೆದ ನೇಮಕ ನನ್ನದು. ಈಗ ಕಾರ್ಯದರ್ಶಿಗಳು ಜೂನ್ ಒಳಗೆ 'ಮೂರು ವರ್ಷದ ಕಾರ್ಯತಂತ್ರ ಯೋಜನೆ' ಕೊಡಿ ಎಂದಿದ್ದಾರೆ. ಕುಳಿತು 24 ಪುಟ ಬರೆದೆ. ಧ್ಯೇಯ, ದೂರದೃಷ್ಟಿ, ಮೌಲ್ಯಗಳು ಎಲ್ಲವೂ ಇವೆ. ಓದಿದರೆ ಯಾವ ಶಾಲೆಗಾದರೂ ಹೊಂದುತ್ತದೆ, ನಮ್ಮ ಶಾಲೆಯೊಂದನ್ನು ಬಿಟ್ಟು. ಈ ಕೆಲಸ ಮಾಡಿದವರು ದಾರಿ ತೋರಿಸಿ.

ಮೈಸೂರಿನಿಂದ, ಆಪ್ತಸಮಾಲೋಚಕಿ, ಒಂಬತ್ತು ವರ್ಷ

ಧ್ಯೇಯ, ದೂರದೃಷ್ಟಿ ಇರುವ ಪುಟಗಳನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ನಿಮ್ಮ ದಿನ ಎಲ್ಲಿ ಹೋಗುತ್ತಿದೆ ಎಂದು ಅರ್ಧ ಗಂಟೆಯ ಲೆಕ್ಕದಲ್ಲಿ ಮೂರು ವಾರ ಬರೆಯಿರಿ. ನಾನು ಇದನ್ನು ಮಾಡಿದ್ದು ನಾಲ್ಕನೆಯ ವರ್ಷದಲ್ಲಿ, ತಡವಾಗಿ. ಬದಲಿ ಪೀರಿಯಡ್, ಪರೀಕ್ಷಾ ಮೇಲ್ವಿಚಾರಣೆ, ವಾರ್ಷಿಕೋತ್ಸವದ ನಿರೂಪಣೆ, ಸಮವಸ್ತ್ರ ತಪಾಸಣೆ ಇವೆಲ್ಲ ಸೇರಿ ನನ್ನ ಅರ್ಧಕ್ಕಿಂತ ಹೆಚ್ಚು ವಾರವನ್ನು ನುಂಗಿದ್ದವು. ಮಕ್ಕಳೊಂದಿಗೆ ಕುಳಿತ ಹೊತ್ತಿಗಿಂತ ಮಕ್ಕಳ ಟೈ ನೋಡಿದ ಹೊತ್ತೇ ಹೆಚ್ಚು! ಆ ಪುಟಗಳನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಟ್ಟೆ, ಏನೂ ಹೇಳಲಿಲ್ಲ. ಅವರು ಎರಡು ಸಲ ಓದಿದರು. ಮುಂದಿನ ವಾರದಿಂದ ಸಮವಸ್ತ್ರ ತಪಾಸಣೆ ದೈಹಿಕ ಶಿಕ್ಷಕರಿಗೆ ಹೋಯಿತು.

ಎರಡನೆಯದು, ಕೋಣೆ. ನನಗೆ ಮೊದಲು ಕೊಟ್ಟದ್ದು ಮುಖ್ಯೋಪಾಧ್ಯಾಯರ ಕೊಠಡಿಯ ಪಕ್ಕದ್ದು, ಗಾಜಿನ ಬಾಗಿಲಿನದು. ಅಲ್ಲಿಗೆ ಬರಬೇಕಾದರೆ ಸ್ಟಾಫ್ ರೂಂ ದಾಟಬೇಕು. ಎಂಟನೇ ತರಗತಿಯ ಒಬ್ಬ ಹುಡುಗ ಮೂರು ದಿನ ಬಾಗಿಲವರೆಗೆ ಬಂದು ನೀರಿನ ಬಾಟಲಿ ತುಂಬಿಸಿಕೊಂಡು ಹೋದ. ಫಿಲ್ಟರ್ ಇದ್ದದ್ದು ಎದುರು ಗೋಡೆಯಲ್ಲಿ. ನಾಲ್ಕನೆಯ ದಿನ ನಾನೇ ಬಾಟಲಿ ಹಿಡಿದು ಹೊರಗೆ ಹೋದೆ, ಮಾತು ಅಲ್ಲೇ ಫಿಲ್ಟರ್ ಮುಂದೆಯೇ ಶುರುವಾಯಿತು. ಆ ವರ್ಷವೇ ಗ್ರಂಥಾಲಯದ ಹಿಂಬದಿಯ ಕೋಣೆಗೆ ಹೋದೆ. ಪುಸ್ತಕ ತರಲು ಹೋದವನು ಎಲ್ಲಿಗೆ ಹೋದ ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಯೋಜನೆಯ ಮೊದಲ ವರ್ಷದ ಗುರಿಯಲ್ಲಿ ಕೋಣೆ ಇರಲಿ. 'ಜಾಗೃತಿ ಕಾರ್ಯಕ್ರಮ' ಆಮೇಲೆ ಬರಲಿ.

ಯಾದಗಿರಿ ಜಿಲ್ಲೆಯಿಂದ, ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ

ನಮ್ಮಲ್ಲಿ ಆಪ್ತಸಮಾಲೋಚಕರೇ ಇಲ್ಲ. ಕನ್ನಡ ಪಾಠ ಮಾಡುವ ನನಗೆ ಎರಡು ದಿನದ ತರಬೇತಿ ಕೊಟ್ಟು 'ನೀವೇ ನೋಡಿಕೊಳ್ಳಿ' ಎಂದರು. ಅಷ್ಟರ ಮೇಲೆ ಹೇಳುತ್ತಿದ್ದೇನೆ, ಉತ್ಪ್ರೇಕ್ಷೆ ಇದ್ದರೆ ಕ್ಷಮಿಸಿ.

ಯೋಜನೆಯನ್ನು ಶೈಕ್ಷಣಿಕ ಕ್ಯಾಲೆಂಡರ್‌ಗೆ ಕಟ್ಟಬೇಡಿ, ಊರಿನ ಕ್ಯಾಲೆಂಡರ್‌ಗೆ ಕಟ್ಟಿ. ನಮ್ಮಲ್ಲಿ ದಸರಾ ರಜೆ ಮುಗಿದ ಮೇಲೆ ಹಲವು ಮಕ್ಕಳು ಅಪ್ಪ-ಅಮ್ಮನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಹೋಗುವ ಮುಂಚೆ, ಅಂದರೆ ಸೆಪ್ಟೆಂಬರ್‌ನಲ್ಲೇ, ಮನೆಗೆ ಹೋಗಿ ಮಾತಾಡಿದರೆ ಕೆಲವು ಮಕ್ಕಳನ್ನಾದರೂ ಅಜ್ಜಿ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿಸಿಕೊಳ್ಳಬಹುದು. ನವೆಂಬರ್‌ನಲ್ಲಿ 'ಗೈರುಹಾಜರಿ ತಡೆ ಸಪ್ತಾಹ' ಮಾಡಿದರೆ ಬಂದ ಮಕ್ಕಳಿಗೇ ಭಾಷಣ ಮಾಡಿದಂತಾಗುತ್ತದೆ.

ಹಾಜರಿ ಪುಸ್ತಕಕ್ಕಿಂತ ಒಳ್ಳೆಯ ಸಮೀಕ್ಷೆ ಇನ್ನೊಂದಿಲ್ಲ. ಒಂಬತ್ತನೇ ತರಗತಿಯ ಒಬ್ಬಳು ಪ್ರತಿ ಸೋಮವಾರ ಬರುತ್ತಿರಲಿಲ್ಲ. 'ಶಿಸ್ತಿಲ್ಲ' ಎಂದು ಷರಾ ಬರೆದಿದ್ದೆವು. ಸೋಮವಾರ ನಮ್ಮ ಊರ ಸಂತೆ. ತಾಯಿಗೆ ಕಣ್ಣು ಮಂಜು, ಚಿಲ್ಲರೆ ಎಣಿಸಲು ಮಗಳು ಬೇಕು. ಅವಳಿಗೆ ಬೇಕಿದ್ದದ್ದು ಬುದ್ಧಿಮಾತು ಅಲ್ಲ, ತಾಯಿಗೆ ಕಣ್ಣಿನ ಆಪರೇಷನ್. ನೀವು 640 ಹೆಸರುಗಳ ಮುಂದೆ ವಾರದ ಯಾವ ದಿನ ಗೈರು ಎಂದು ಗುರುತು ಹಾಕಿ ನೋಡಿ, ಯೋಜನೆ ತಾನಾಗಿಯೇ ಬರೆಯಿಸಿಕೊಳ್ಳುತ್ತದೆ.

ನ್ಯೂಜೆರ್ಸಿಯಿಂದ, ಮಾಧ್ಯಮಿಕ ಶಾಲೆಯ ಆಪ್ತಸಮಾಲೋಚಕಿ, ಮೂಲ ಶಿವಮೊಗ್ಗ

ಇಲ್ಲಿಯ ಅಮೆರಿಕನ್ ಸ್ಕೂಲ್ ಕೌನ್ಸೆಲರ್ ಅಸೋಸಿಯೇಷನ್ 250 ಮಕ್ಕಳಿಗೆ ಒಬ್ಬರು ಇರಲಿ ಎನ್ನುತ್ತದೆ. ದೇಶದ ಸರಾಸರಿ ನೋಡಿದರೆ ಒಬ್ಬರ ಪಾಲಿಗೆ ಬರುವ ಮಕ್ಕಳು ಅದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಇಲ್ಲಿ ಎಲ್ಲವೂ ಚೆನ್ನ ಎಂದುಕೊಳ್ಳಬೇಡಿ. ಅವರ ಮಾದರಿಯಿಂದ ಎರಡನ್ನು ಮಾತ್ರ ಎತ್ತಿಕೊಳ್ಳಿ. ಒಂದು, ಸಮಯದ ಐದರಲ್ಲಿ ನಾಲ್ಕು ಪಾಲು ಮಕ್ಕಳಿಗೆ ನೇರವಾಗಿಯೋ ಪರೋಕ್ಷವಾಗಿಯೋ ಸಲ್ಲಬೇಕು ಎಂಬ ಅಳತೆ. ಇನ್ನೊಂದು, ವರ್ಷದ ಆರಂಭದಲ್ಲಿ ಪ್ರಾಂಶುಪಾಲರೂ ಆಪ್ತಸಮಾಲೋಚಕರೂ ಎದುರುಬದುರು ಕುಳಿತು ಈ ವರ್ಷದ ಆದ್ಯತೆ ಏನು, ಸಮಯ ಹೇಗೆ ಹಂಚಬೇಕು ಎಂದು ಬರೆದು ಸಹಿ ಹಾಕುವ ಪದ್ಧತಿ. ಆ ಸಹಿ ಇರುವ ಹಾಳೆ ನನ್ನನ್ನು ಎಷ್ಟೋ ಸಲ ಕಾಪಾಡಿದೆ. ಕೂಗಾಡಬೇಕಿಲ್ಲ, ತೋರಿಸಿದರೆ ಸಾಕು.

'ಮಕ್ಕಳ ಮಾನಸಿಕ ಆರೋಗ್ಯ ಸುಧಾರಿಸುವುದು' ಎಂಬುದು ಗುರಿಯಲ್ಲ, ಹಾರೈಕೆ. 'ಏಳನೇ ತರಗತಿಯಲ್ಲಿ ತಿಂಗಳಿಗೆ ಮೂರು ದಿನಕ್ಕಿಂತ ಹೆಚ್ಚು ಗೈರಾಗುವ ಮಕ್ಕಳ ಸಂಖ್ಯೆಯನ್ನು ಜನವರಿಯೊಳಗೆ ಅರ್ಧಕ್ಕೆ ಇಳಿಸುವುದು' ಎಂದರೆ ಗುರಿ. ಹಾಜರಿ, ಅಂಕ, ಶಿಸ್ತಿನ ದೂರು, ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಮೂರನ್ನೂ ಹಿಡಿದರೆ ಮೂರೂ ಜಾರುತ್ತವೆ.

ನಿವೃತ್ತ ಮುಖ್ಯೋಪಾಧ್ಯಾಯ, ದಾವಣಗೆರೆ

ಎಲ್ಲರೂ ಮುಖ್ಯೋಪಾಧ್ಯಾಯನನ್ನೇ ಖಳನಾಯಕ ಮಾಡುತ್ತಿದ್ದೀರಿ. ಬೆಳಿಗ್ಗೆ ಒಂಬತ್ತೂವರೆಗೆ ಮೂವರು ಶಿಕ್ಷಕರು ರಜೆ ಎಂದು ಫೋನ್ ಬಂದರೆ, ಪಾಠದ ಹೊಣೆ ಇಲ್ಲದೆ ಕುಳಿತವರು ನೀವೊಬ್ಬರೇ ಕಾಣುತ್ತೀರಿ. ಬೇಡ ಎನ್ನುವುದಕ್ಕಿಂತ ಬೇರೊಂದು ದಾರಿ ತೋರಿಸಿ. ವೇಳಾಪಟ್ಟಿಯಲ್ಲಿ ಪ್ರತಿ ವಿಭಾಗಕ್ಕೆ ಹದಿನೈದು ದಿನಕ್ಕೊಂದು ಜೀವನ ಕೌಶಲ ಪೀರಿಯಡ್ ನಿಮ್ಮ ಹೆಸರಿನಲ್ಲಿ ಮುದ್ರಿತವಾಗಲಿ. ಮುದ್ರಿತ ಪೀರಿಯಡ್ ಇದ್ದವರನ್ನು ಬದಲಿಗೆ ಎಳೆಯುವುದು ಕಷ್ಟ. ಜೊತೆಗೆ ತರಗತಿಯಲ್ಲಿ ನೋಡಿದ ಮುಖಕ್ಕೆ ಮಕ್ಕಳು ಬೇಗ ಬಾಯಿ ಬಿಡುತ್ತಾರೆ. ಈ ಯೋಜನೆಗೆ ಹಣ ಬೇಡ. ಹಣ ಬೇಡದ ಯೋಜನೆಗೆ ಮಂಡಳಿ ಬೇಗ ಒಪ್ಪುತ್ತದೆ, ಇದು ನನ್ನ ಮೂವತ್ತು ವರ್ಷದ ಸಂಶೋಧನೆ.

ದೂರು ಪೆಟ್ಟಿಗೆ ಇಡುವ ಯೋಚನೆ ಇದ್ದರೆ ಬಿಡಿ. ನಮ್ಮ ಪೆಟ್ಟಿಗೆಯಲ್ಲಿ ಸಾಂಬಾರು ನೀರಾಗಿದೆ ಎಂಬುದು ಬಿಟ್ಟು ಬೇರೇನೂ ಬೀಳಲಿಲ್ಲ.

ಮೈಸೂರಿನಿಂದಲೇ ಮತ್ತೆ

ಪೆಟ್ಟಿಗೆಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ ಸರ್. ನಮ್ಮದರಲ್ಲೂ ಎರಡು ವರ್ಷ ಫ್ಯಾನ್, ಶೌಚಾಲಯ, ಸಾಂಬಾರು ಅಷ್ಟೇ. ಆ ಚೀಟಿಗಳಿಗೆ ಪ್ರತಿ ಶನಿವಾರ ಪ್ರಾರ್ಥನೆಯಲ್ಲಿ ಉತ್ತರ ಕೊಡುತ್ತಿದ್ದೆವು. ಮೂರನೆಯ ವರ್ಷ ಒಂದು ಚೀಟಿ ಬಂತು, ಹೆಸರಿಲ್ಲ, ತರಗತಿ ಮಾತ್ರ ಇತ್ತು. ಮನೆಯ ಹತ್ತಿರದ ಬಂಧುವೊಬ್ಬನ ಬಗ್ಗೆ ನಾಲ್ಕು ಸಾಲು. ಸಾಂಬಾರಿಗೆ ಉತ್ತರ ಸಿಗುತ್ತದೆ ಎಂದು ಕಂಡಿದ್ದಕ್ಕೇ ಆ ಮಗು ಬರೆಯಿತು ಎಂದು ನನ್ನ ನಂಬಿಕೆ.

ಮಗುವನ್ನು ಗುರುತಿಸಿ ಮಾತಾಡಿದ ಮೇಲೆ 'ಒಳಗೊಳಗೇ ಬಗೆಹರಿಸೋಣ' ಎಂಬ ಸಲಹೆ ಬಂತು, ಮರ್ಯಾದೆಯ ಪ್ರಶ್ನೆ ಎಂದರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ, ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಅಧೀನದವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಇದನ್ನು ಅಂದು ನಾನು ನಿಂತಲ್ಲೇ ವಾದಿಸಬೇಕಾಯಿತು, ಕೈ ನಡುಗುತ್ತಿತ್ತು. ನೀವು ಹಾಗೆ ವಾದಿಸುವ ಸ್ಥಿತಿ ಬರಬಾರದು. ಅಂಥದ್ದು ಗೊತ್ತಾದರೆ ಮೊದಲ ಗಂಟೆಯಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು ಎಂಬ ಒಂದು ಪುಟಕ್ಕೆ ಮಂಡಳಿಯ ಸಹಿ ಈಗಲೇ, ಏನೂ ಆಗದಿರುವಾಗಲೇ ತೆಗೆದುಕೊಳ್ಳಿ. ಮಕ್ಕಳಿಗೂ 'ಯಾರಿಗೂ ಹೇಳುವುದಿಲ್ಲ' ಎಂದು ಭಾಷೆ ಕೊಡಬೇಡಿ. 'ನಿನಗೆ ಅಪಾಯ ಇದೆ ಎನಿಸಿದರೆ ಹೇಳಬೇಕಾಗುತ್ತದೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ' ಎನ್ನಿ. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಎರಡನ್ನೂ ಶೌಚಾಲಯದ ಬಾಗಿಲಿನ ಒಳಬದಿಯಲ್ಲಿ ಅಂಟಿಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಯಾವ ಮಗುವೂ ಆ ನಂಬರ್ ಬರೆದುಕೊಳ್ಳುವುದಿಲ್ಲ.

ಬಳ್ಳಾರಿಯಿಂದ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ

ಒಂದೇ ಮಾತು. ನಿಮ್ಮ ಕೈಮೀರಿದ ಮಗು ಎಲ್ಲಿಗೆ ಹೋಗಬೇಕು ಎಂಬುದು ಇಲ್ಲಿ ಯಾರ ಮಾತಿನಲ್ಲೂ ಕಾಣಲಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿದ್ಧವಾದದ್ದೇ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್ ಮೂಲಕ, 1980ರ ದಶಕದಲ್ಲಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ. ನೀವು ಮೊದಲೇ ಹೋಗಿ ಪರಿಚಯ ಮಾಡಿಕೊಳ್ಳಿ. ಪರಿಚಯವಿಲ್ಲದೆ ಕಳಿಸಿದ ಮಗು ಒಪಿಡಿ ಸಾಲಿನಿಂದಲೇ ಮನೆಗೆ ವಾಪಸ್ ಹೋಗುತ್ತದೆ.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಋಣಿ. 24 ಪುಟ ಈಗ ನಾಲ್ಕಾಗಿದೆ. ಮೊದಲ ವರ್ಷಕ್ಕೆ ಕೋಣೆ, ವೇಳಾಪಟ್ಟಿಯಲ್ಲಿ ಪೀರಿಯಡ್, ಸಹಿ ಹಾಕಿದ ಆ ಒಂದು ಪುಟ, ಮತ್ತೆ ಗೈರಿನ ಒಂದು ಗುರಿ. ಎರಡು, ಮೂರನೇ ವರ್ಷಗಳಿಗೆ ಅರ್ಧರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಕಾರ್ಯದರ್ಶಿಗಳು 'ಇಷ್ಟೇನಾ?' ಎಂದರು, ಅಂದರೂ ಇಟ್ಟುಕೊಂಡರು. ಹಾಜರಿ ಪುಸ್ತಕದಲ್ಲಿ ಐದನೇ ತರಗತಿಗೆ ಮಾತ್ರ ಗುರುತು ಹಾಕಿ ಆಗಿದೆ. ಅದರಲ್ಲೇ ಮೂವರು ಗುರುವಾರ ಮಾತ್ರ ಬರುತ್ತಿಲ್ಲ, ಮೂವರದೂ ಒಂದೇ ವ್ಯಾನು. ಗುರುವಾರ ಆ ವ್ಯಾನಿನಲ್ಲಿ ಏನಾಗುತ್ತದೆ ಎಂದು ನಾಳೆ ಅದೇ ವ್ಯಾನಿನಲ್ಲಿ ಕುಳಿತು ನೋಡುತ್ತೇನೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರುತ್ತೇನೆ.